ಎರಡು ಸೀಟಿನ ಸ್ವಂತ ವಿಮಾನಕ್ಕೆ ಯಾವ ಎಂಜಿನ್, ಯಾವ ಪ್ರೊಪೆಲ್ಲರ್? ಜಿಪ್ಸಿ ಎಂಜಿನ್ ಆಗುತ್ತದಾ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ನೋಡಿಕೊಳ್ಳುತ್ತಿರುವುದು ಅಡಿಕೆ ತೋಟ. ಎರಡು ವರ್ಷದಿಂದ ನಾನೂ ನನ್ನ ಭಾವನೂ ಸೇರಿ ಅಡಿಕೆ ಗೋದಾಮಿನ ಅರ್ಧ ಜಾಗದಲ್ಲಿ ಒಂದು ಸಣ್ಣ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆ ಮೇಲೆ, ಸೀಟು ಎರಡು, ಸ್ಟೀಲ್ ಪೈಪಿನ ಚೌಕಟ್ಟು, ಅದರ ಮೇಲೆ ಬಟ್ಟೆ. ತುಂಬಿದ ತೂಕ 450 ಕೆಜಿ ದಾಟಬಾರದು ಅಂತ ಮೊದಲೇ ಗೆರೆ ಹಾಕಿಕೊಂಡಿದ್ದೇವೆ. ಬಾಲ ಮುಗಿದಿದೆ, ರೆಕ್ಕೆಯ ರಿಬ್‌ಗಳು ಮುಕ್ಕಾಲು ಪಾಲು ಆಗಿವೆ. ವಿಮಾನಗಳಿಗೆ ಅನುಮತಿ ಕೊಡುವ ಸರಕಾರಿ ಸಂಸ್ಥೆ ಡಿಜಿಸಿಎ ಜೊತೆ ಪತ್ರ ವ್ಯವಹಾರವೂ ಶುರುವಾಗಿದೆ.

ಈಗ ಕೆಲಸ ನಿಂತಿರುವುದು ಎಂಜಿನ್ ಹತ್ತಿರ. ಯಾವುದು ಅಂತ ತೀರ್ಮಾನ ಆಗದೆ ಅದನ್ನು ಕೂರಿಸುವ ಮೌಂಟ್ ವೆಲ್ಡಿಂಗ್ ಮಾಡುವ ಹಾಗಿಲ್ಲ. ಕೊಪ್ಪ ಕಡೆಯ ಒಂದು ಎಸ್ಟೇಟಿನಲ್ಲಿ ಹಳೇ ಮಾರುತಿ ಜಿಪ್ಸಿ ಜೀಪು ಇದೆ, ಎಂಜಿನ್ ಚೆನ್ನಾಗಿದೆ, ಕಡಿಮೆ ಬೆಲೆಗೆ ಕೊಡುತ್ತಾರೆ. 80 ಎಚ್‌ಪಿ. ಬೆಲ್ಟ್ ಹಾಕಿ ವೇಗ ತಗ್ಗಿಸುವ ಪುಲ್ಲಿಗಳನ್ನು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಮಾಡಿಸಬಹುದು ಅನ್ನುವುದು ನನ್ನ ಯೋಚನೆ. ಪ್ರೊಪೆಲ್ಲರ್ ಮರದ್ದು. ಸಾಗರದಲ್ಲಿ ಒಳ್ಳೆಯ ಕೆತ್ತನೆಯವರ ಪರಿಚಯ ಇದೆ, ಅಳತೆ ಕೊಟ್ಟರೆ ಕೂದಲಿನಷ್ಟೂ ತಪ್ಪದೆ ಕೆತ್ತಿಕೊಡುತ್ತಾರೆ.

ಈ ದಾರಿ ಸರಿಯಾ? ಮುಲಾಜಿಲ್ಲದೆ ಹೇಳಿ. ದುಡ್ಡು ಹಾಕಿದ ಮೇಲೆ ಕೇಳುವುದಕ್ಕಿಂತ ಈಗಲೇ ಕೇಳುವುದು ಒಳ್ಳೆಯದು ಅಲ್ವಾ.

ಹಳೇ ಹ್ಯಾಂಗರ್ (ಶಿವಮೊಗ್ಗ)

ತಮ್ಮಾ, ಮೊದಲು ಖುಷಿ ಆಯ್ತು ಅಂತ ಹೇಳುತ್ತೇನೆ. ನಾನು ವಿಮಾನ ರಿಪೇರಿ ಮಾಡಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ಮೊದಲು ಸ್ಪ್ಯಾನರ್ ಹಿಡಿದದ್ದು ಪುಷ್ಪಕ್ ಮೇಲೆ. ಎಚ್‌ಎಎಲ್ 1958ರಲ್ಲಿ ಹಾರಿಸಿದ ವಿಮಾನ. ನಿನ್ನದರ ಹಾಗೆಯೇ ರೆಕ್ಕೆ ಮೇಲೆ, ಪೈಪಿನ ಚೌಕಟ್ಟು, ಬಟ್ಟೆ. ಎಂಜಿನ್ ಕಾಂಟಿನೆಂಟಲ್ ಸಿ90, 90 ಎಚ್‌ಪಿ. ಗೇರ್ ಇಲ್ಲ, ಬೆಲ್ಟ್ ಇಲ್ಲ, ಕ್ರ್ಯಾಂಕಿಗೆ ನೇರವಾಗಿ ಪ್ರೊಪೆಲ್ಲರ್. ನಿಧಾನವಾಗಿ ತಿರುಗುವ ದೊಡ್ಡ ಎಂಜಿನ್.

ಎಂಜಿನ್ ಹುಡುಕುವ ಮೊದಲು ಒಂದು ಕೆಲಸ ಮಾಡು. ನೀನು ಹಾರುವ ಜಾಗದ ಸುತ್ತ 5 ಕಿಲೋಮೀಟರ್ ನಕ್ಷೆ ಬರೆ. ಎಂಜಿನ್ ನಿಂತರೆ ಇಳಿಯಬಹುದಾದ ಜಾಗಕ್ಕೆಲ್ಲ ಹಸಿರು ಬಣ್ಣ ಹಚ್ಚು. ಗದ್ದೆಗೆ ಹಚ್ಚು. ಅಡಿಕೆ ತೋಟಕ್ಕೆ ಹಚ್ಚಬೇಡ, ಕಾಡಿಗೆ ಹಚ್ಚಬೇಡ, ಹಿನ್ನೀರಿಗೆ ಹಚ್ಚಬೇಡ. ನಮ್ಮ ಕಡೆ ಎಷ್ಟು ಹಸಿರು ಉಳಿಯುತ್ತದೆ ನೋಡು. ದಾವಣಗೆರೆ ಬಯಲಿನಲ್ಲಿ ಹಾರುವವನೂ ತೀರ್ಥಹಳ್ಳಿಯಲ್ಲಿ ಹಾರುವವನೂ ಒಂದೇ ಎಂಜಿನ್ ಆರಿಸಬೇಕಾಗಿಲ್ಲ.

ಜಿಪ್ಸಿ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ಅವರು ಬರಲಿ.

ಟಿಲ್ಲರ್ ಗ್ಯಾರೇಜ್ (ಹೊಸನಗರ)

ನನ್ನನ್ನೇ ಹೇಳಿದ್ದು ಅಂದುಕೊಳ್ಳುತ್ತೇನೆ.

ಮಾರಾಯ್ರೆ, ಜಿಪ್ಸಿ ಎಂಜಿನ್ ಬಹಳ ಒಳ್ಳೆಯದು. 1298 ಸಿಸಿ, ನಾಲ್ಕು ಸಿಲಿಂಡರ್. ಎಷ್ಟೋ ಬಿಚ್ಚಿ ಕಟ್ಟಿದ್ದೇನೆ. ಆದರೆ ಆ 80 ಎಚ್‌ಪಿ ಬರುವುದು 6000 ಆರ್‌ಪಿಎಂನಲ್ಲಿ. ನಮ್ಮ ಘಾಟಿಯಲ್ಲಿ ನೀವು 6000ಕ್ಕೆ ಎಷ್ಟು ಸಲ ಎಳೆಯುತ್ತೀರಿ? ಎಳೆದರೂ ಐದು ಸೆಕೆಂಡು, ಆಮೇಲೆ ಗೇರ್ ಬದಲು. ವಿಮಾನದಲ್ಲಿ ಏರುವಷ್ಟು ಹೊತ್ತೂ ಪೂರ್ತಿ ಥ್ರಾಟಲ್, ಆಮೇಲೂ ಗಂಟೆಗಟ್ಟಲೆ ಮುಕ್ಕಾಲು ಶಕ್ತಿ. ಕಾರಿನ ಎಂಜಿನ್ ಅಂತಹ ಬದುಕು ಕಂಡಿರುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಬೆಲ್ಟ್ ಮತ್ತು ಪುಲ್ಲಿ. ಕಾರಿನ ಕ್ಲಚ್ ಪ್ಲೇಟ್ ಕೈಯಲ್ಲಿ ಹಿಡಿದು ನೋಡಿದ್ದೀರಲ್ಲ? ನಡುವೆ ನಾಲ್ಕೋ ಆರೋ ಸ್ಪ್ರಿಂಗ್ ಇರುತ್ತವೆ. ಅವು ಯಾಕೆ? ಎಂಜಿನ್ ಒಂದೇ ಸಮ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಹೊಡೆದಾಗಲೂ ಒಂದು ಗುದ್ದು. ನಾಲ್ಕು ಸಿಲಿಂಡರಿನದ್ದಾದರೆ ಒಂದು ಸುತ್ತಿಗೆ ಎರಡು ಗುದ್ದು. ಆ ಗುದ್ದನ್ನು ನುಂಗಲಿಕ್ಕೆ ಆ ಸ್ಪ್ರಿಂಗ್. ನೀವು ಕ್ಲಚ್ ತೆಗೆದು ಅಲ್ಲಿ ಪುಲ್ಲಿ ಕೂರಿಸಿ, ಆಚೆ ತುದಿಗೆ ಭಾರದ ಪ್ರೊಪೆಲ್ಲರ್ ಕಟ್ಟಿದರೆ ಗುದ್ದು ನುಂಗುವವರು ಯಾರು? ಶಾಫ್ಟ್ ತಿರುಚಿಕೊಂಡು ಬಿಡುತ್ತದೆ, ಮತ್ತೆ ತಿರುಚಿಕೊಳ್ಳುತ್ತದೆ. ಯಾವುದೋ ಒಂದು ಆರ್‌ಪಿಎಂನಲ್ಲಿ ಗುದ್ದಿನ ಲಯವೂ ಶಾಫ್ಟಿನ ಲಯವೂ ಕೂಡಿಬಿಟ್ಟರೆ ಮುಗಿಯಿತು. ಹಲ್ಲು ಉದುರುತ್ತದೆ, ಇಲ್ಲ ಶಾಫ್ಟ್ ತುಂಡಾಗುತ್ತದೆ. ಶಬ್ದದಲ್ಲಿ ಗೊತ್ತೂ ಆಗುವುದಿಲ್ಲ.

ಹೊರದೇಶದಲ್ಲಿ ಸುಜುಕಿ ಎಂಜಿನ್ ಹಾಕಿ ಹಾರಿದವರು ಇದ್ದಾರೆ, ಸುಳ್ಳಲ್ಲ. ಅವರು ಬಳಸುವುದು ಅದಕ್ಕೇ ಅಂತ ಮಾಡಿ, ಓಡಿಸಿ, ಮುರಿದು, ಮತ್ತೆ ಮಾಡಿದ ಗೇರ್‌ಬಾಕ್ಸ್. ನಮ್ಮ ವರ್ಕ್‌ಶಾಪಿನವರು ಪುಲ್ಲಿ ಚಂದ ತಿರುವಿ ಕೊಡುತ್ತಾರೆ. ಆ ಲಯ ಎಲ್ಲಿ ಕೂಡುತ್ತದೆ ಅಂತ ಹೇಳುವುದು ಅವರ ಕೆಲಸ ಅಲ್ಲ.

ತುಂಗಾತೀರ

ಕ್ಲಚ್ ಸ್ಪ್ರಿಂಗ್ ವಿಷಯ ಓದಿ ಸುಮ್ನೆ ಕೂತುಬಿಟ್ಟೆ ಅಣ್ಣ. ಡಿಪ್ಲೊಮಾದಲ್ಲಿ ಟಾರ್ಷನಲ್ ವೈಬ್ರೇಷನ್ ಅಂತ ಒಂದು ಪಾಠ ಇತ್ತು, ಪರೀಕ್ಷೆಗೆ ಓದಿ ಮರೆತಿದ್ದೆ.

ಹಾಗಾದರೆ ಟೂ ಸ್ಟ್ರೋಕ್? ರೋಟ್ಯಾಕ್ಸ್ 582 ಹಳೆಯದು ಒಂದು ಮಾರಾಟಕ್ಕಿದೆ. 65 ಎಚ್‌ಪಿ, ಹಗುರ, ಬೆಲೆಯೂ ಕಮ್ಮಿ.

ಹಳೇ ಹ್ಯಾಂಗರ್

ನಕ್ಷೆಗೆ ಬಣ್ಣ ಹಚ್ಚಿದೆಯಾ?

ತುಂಗಾತೀರ

ಹಚ್ಚಿದೆ ಸರ್. ಹತ್ತರಲ್ಲಿ ಎರಡು ಪಾಲೂ ಹಸಿರು ಬರಲಿಲ್ಲ. ಅದರಲ್ಲೂ ಅರ್ಧ ಗದ್ದೆ ಮಳೆಗಾಲದಲ್ಲಿ ಕೆಸರು.

ಹಳೇ ಹ್ಯಾಂಗರ್

ಅದೇ ಉತ್ತರ. 582ಕ್ಕೆ ಕಂಪನಿ ಹೇಳುವ ಓವರ್‌ಹಾಲ್ 300 ಗಂಟೆಗೆ, ಅಂದರೆ ಅಷ್ಟಕ್ಕೇ ಪೂರ್ತಿ ಬಿಚ್ಚಿ ಕಟ್ಟಬೇಕು. ಅದೇ ಕಂಪನಿಯ ಫೋರ್ ಸ್ಟ್ರೋಕ್ ಎಂಜಿನ್ ರೋಟ್ಯಾಕ್ಸ್ 912ಕ್ಕೆ 2000 ಗಂಟೆ. ಟೂ ಸ್ಟ್ರೋಕ್ ಕೆಟ್ಟದ್ದು ಅಂತ ಅಲ್ಲ. ಬಯಲಿನ ಮೇಲೆ, ಒಬ್ಬನೇ ಕೂತು, ಸಂಜೆ ಅರ್ಧ ಗಂಟೆ ಹಾರುವವನಿಗೆ ಅದು ಬಹಳ ಖುಷಿ ಕೊಡುವ ಎಂಜಿನ್. ಪಿಸ್ಟನ್ ಹಿಡಿದುಕೊಂಡರೆ ಇಳಿಯಲು ನೆಲ ಇರುತ್ತದೆ. ನಿನ್ನ ನಕ್ಷೆಯಲ್ಲಿ ನೆಲ ಇಲ್ಲ.

ಶರಾವತಿ (ಸಾಗರ, ಈಗ ಬೆಂಗಳೂರು)

ನಾನು ವಿಮಾನದ ಲೆಕ್ಕಾಚಾರದ ಕೆಲಸದಲ್ಲೇ ಇರುವವಳು. ಯಾವ ಎಂಜಿನ್ ಅನ್ನುವುದಕ್ಕೆ ಮೊದಲು ಎಷ್ಟು ಶಕ್ತಿ ಬೇಕು ಅಂತ ಒಂದು ಕಾಗದದ ಮೇಲೆ ನೋಡೋಣ. ಕಷ್ಟ ಇಲ್ಲ, ನಿಧಾನವಾಗಿ ಓದಿ.

ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್, ಅಂದರೆ 1870 ಅಡಿ. ಆ ಎತ್ತರದಲ್ಲಿ ಪುಸ್ತಕದ ಲೆಕ್ಕದ ಉಷ್ಣಾಂಶ 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 36 ಡಿಗ್ರಿ ಇರುತ್ತದೆ. ಜಾಸ್ತಿ ಇರುವ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಬೇಕು. 25 ಡಿಗ್ರಿಗೆ 3000 ಅಡಿ. ಅಂದರೆ ನಿಮ್ಮ ಎಂಜಿನ್ನಿಗೂ ರೆಕ್ಕೆಗೂ ಆ ಗಾಳಿ ಸುಮಾರು 4900 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಒಟ್ಟು 15 ಹೋಯಿತು. 100 ಎಚ್‌ಪಿ ಅಂತ ಕೊಂಡದ್ದು 85, 80 ಅಂತ ಕೊಂಡದ್ದು 68.

ಇನ್ನು ವಿಮಾನ. 450 ಕೆಜಿ, ಏರುವ ವೇಗ ಗಂಟೆಗೆ 90 ಕಿಲೋಮೀಟರ್. ಬಟ್ಟೆಯ ವಿಮಾನ, ಹೊರಗೆ ರೆಕ್ಕೆಗೆ ಆನಿಕೆಯ ಕಂಬಿ (ಸ್ಟ್ರಟ್) ಇದೆ, ಹಾಗಾಗಿ ಗಾಳಿಯ ಎಳೆತ ತೂಕದ ಎಂಟನೇ ಒಂದು ಭಾಗ ಅಂತ ಇಟ್ಟುಕೊಳ್ಳೋಣ. ಸುಮ್ಮನೆ ಮಟ್ಟವಾಗಿ ಹಾರಲಿಕ್ಕೇ ಸುಮಾರು 19 ಎಚ್‌ಪಿ ಗಾಳಿಗೆ ಸೇರಬೇಕು. ಎಂಜಿನ್ ಕೊಡುವುದೆಲ್ಲ ಗಾಳಿಗೆ ಸೇರುವುದಿಲ್ಲ. ಆ ಕಡಿಮೆ ವೇಗದಲ್ಲಿ ಒಳ್ಳೆಯ ಪ್ರೊಪೆಲ್ಲರ್ ನೂರಕ್ಕೆ 60 ದಾಟಿಸುತ್ತದೆ.

60 ಎಚ್‌ಪಿ ಎಂಜಿನ್: ಸೆಕೆಂಡಿಗೆ 2 ಮೀಟರ್ ಏರುತ್ತದೆ. 80 ಎಚ್‌ಪಿ: 3.7 ಮೀಟರ್. 100 ಎಚ್‌ಪಿ: 5.4 ಮೀಟರ್.

ಇದನ್ನೇ ನೆಲದ ಮೇಲೆ ಇಟ್ಟು ನೋಡಿ. 300 ಮೀಟರ್ ಏರುವಷ್ಟರಲ್ಲಿ 60ರ ಎಂಜಿನ್ 3.7 ಕಿಲೋಮೀಟರ್ ಮುಂದೆ ಹೋಗಿರುತ್ತದೆ. 80ರದ್ದು 2 ಕಿಲೋಮೀಟರ್. 100ರದ್ದು 1.4. ನಿಮ್ಮ ಎದುರಿನ ಗುಡ್ಡ ಎಷ್ಟು ದೂರ ಇದೆ?

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು. 80ರ ಎಂಜಿನ್ನೇ ಇಡಿ, ಪ್ರೊಪೆಲ್ಲರ್ ಮಾತ್ರ ಬದಲಿಸಿ. ವೇಗದ ಓಟಕ್ಕೆ ಅಂತ ಪಿಚ್ (ಬ್ಲೇಡಿನ ಓರೆ) ಜಾಸ್ತಿ ಇಟ್ಟ ಸಣ್ಣ ಪ್ರೊಪೆಲ್ಲರ್ ಹಾಕಿದರೆ ಆ 60 ಇಳಿದು 50 ಆಗುತ್ತದೆ. ಆಗ 3.7 ಇದ್ದದ್ದು 2.5 ಮೀಟರಿಗೆ ಬಂತು. ಎಂಜಿನ್ ಅದೇ, ದುಡ್ಡು ಅದೇ, ಏರುವುದರಲ್ಲಿ ಮೂರನೇ ಒಂದು ಪಾಲು ಹೋಯಿತು. ಅದಕ್ಕೇ ಎಂಜಿನ್ ತಂದು ಆಮೇಲೆ ಪ್ರೊಪೆಲ್ಲರ್ ನೋಡೋಣ ಅನ್ನಬೇಡಿ. ಎರಡನ್ನೂ ಒಂದೇ ದಿನ, ಒಂದೇ ಕಾಗದದಲ್ಲಿ ತೀರ್ಮಾನ ಮಾಡಿ.

ತುಂಗಾತೀರ

ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಎದುರಿನ ಗುಡ್ಡ 2.5 ಕಿಲೋಮೀಟರ್. ಅಂದರೆ 60ರದ್ದು ಆಗಲೇ ಆಗದು.

ಒಂದು ಸಂಶಯ. ಜಬಿರು 2200 ಅಂತ ಇದೆ, 85 ಎಚ್‌ಪಿ, ಆಸ್ಟ್ರೇಲಿಯಾದ್ದು. ಗೇರ್‌ಬಾಕ್ಸ್ ಇಲ್ಲ, ನೀರಿನ ಕೂಲಿಂಗ್ ಇಲ್ಲ. ಬೆಂಗಳೂರಿನ ರಾಜಹಂಸ ಕಂಪನಿಯವರ ಎಕ್ಸ್‌ಏರ್ ವಿಮಾನಕ್ಕೂ ಹಾಕುತ್ತಿದ್ದರು. ಸರಳ ಇದ್ದಷ್ಟೂ ಒಳ್ಳೆಯದಲ್ವಾ?

ಶರಾವತಿ

ಸರಳ ಅನ್ನುವುದು ನಿಜ. ಆದರೆ ಅದು ಶಕ್ತಿ ಕೊಡುವುದು 3300 ಆರ್‌ಪಿಎಂನಲ್ಲಿ, ಪ್ರೊಪೆಲ್ಲರೂ ಅದೇ 3300. 1.7 ಮೀಟರಿನ ಪ್ರೊಪೆಲ್ಲರ್ ಹಾಕಿದರೆ ತುದಿ ಸೆಕೆಂಡಿಗೆ 294 ಮೀಟರ್ ಓಡುತ್ತದೆ. ಶಬ್ದದ ವೇಗವೇ 340. ಅಷ್ಟು ಹತ್ತಿರ ಹೋದರೆ ತುದಿಯಲ್ಲಿ ಶಕ್ತಿ ಗದ್ದಲವಾಗಿ ಹೋಗುತ್ತದೆ, ತಳ್ಳುವುದಿಲ್ಲ. ಹಾಗಾಗಿ 1.5 ಮೀಟರಿಗೆ ಇಳಿಯಬೇಕು.

912ನಲ್ಲಿ ಎಂಜಿನ್ 5800 ತಿರುಗಿದರೂ 2.43ರ ಗೇರ್ ಇದ್ದರೆ ಪ್ರೊಪೆಲ್ಲರ್ ತಿರುಗುವುದು 2390ರ ಹತ್ತಿರ. ಅದೇ 1.7 ಮೀಟರಿನ ತುದಿ 213 ಮೀಟರ್ ಅಷ್ಟೇ. ದೊಡ್ಡ ಪ್ರೊಪೆಲ್ಲರ್ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಸಣ್ಣದು ಸ್ವಲ್ಪ ಗಾಳಿಯನ್ನು ಜೋರಾಗಿ ಎಸೆಯುತ್ತದೆ. 200 ಕಿಲೋಮೀಟರ್ ವೇಗದ ನುಣುಪು ವಿಮಾನಕ್ಕೆ ಸಣ್ಣದು ನಡೆಯುತ್ತದೆ. ನಿಮ್ಮದು 90ರಲ್ಲಿ ಏರಬೇಕಾದ ವಿಮಾನ. ನಿಮಗೆ ದೊಡ್ಡದು ಬೇಕು.

ನಮ್ಮ ಎನ್‌ಎಎಲ್‌ನ (ಬೆಂಗಳೂರಿನ ಸರಕಾರಿ ವಿಮಾನ ಸಂಶೋಧನಾ ಸಂಸ್ಥೆ) ಹಂಸ-3 ವಿಮಾನದಲ್ಲಿ ಇರುವುದು ಟರ್ಬೊ ಇರುವ ರೋಟ್ಯಾಕ್ಸ್ 914, ಹೊಸ ಹಂಸ ಎನ್‌ಜಿಯಲ್ಲಿ 912 ಐಎಸ್. ಈ ಎಂಜಿನ್ ವಂಶದ ಮೇಲೆ ಕೈ ಆಡಿಸಿದವರು ಬೆಂಗಳೂರಿನಲ್ಲೇ ಇದ್ದಾರೆ. ಅದೂ ಲೆಕ್ಕಕ್ಕೆ ಬರುವ ವಿಷಯ.

ಟಿಲ್ಲರ್ ಗ್ಯಾರೇಜ್

ಪೆಟ್ರೋಲ್ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ಚಿಂತೆ.

ಕಳೆದ ಎರಡು ಮಳೆಗಾಲದಿಂದ ನನ್ನ ಅಂಗಡಿಗೆ ಬರುವ ಕಳೆ ಕೊಚ್ಚುವ ಮೆಷಿನ್ನುಗಳಲ್ಲಿ ಅರ್ಧಕ್ಕರ್ಧ ಒಂದೇ ಕಾಯಿಲೆ. ಮಳೆ ಶುರುವಾಗುವ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟು ಮೂಲೆಗೆ ಇಟ್ಟಿರುತ್ತಾರೆ. ದೀಪಾವಳಿಗೆ ತೆಗೆದರೆ ಸ್ಟಾರ್ಟ್ ಇಲ್ಲ. ಕಾರ್ಬುರೇಟರ್ ಬಿಚ್ಚಿದರೆ ಡಯಾಫ್ರಮ್ ಗಟ್ಟಿಯಾಗಿದೆ, ಪೈಪು ಮೆತ್ತಗಾಗಿದೆ, ಟ್ಯಾಂಕಿನ ತಳದಲ್ಲಿ ನೀರಿನ ಪದರ. ಈಗ ಪಂಪಿನಲ್ಲಿ ಬರುವುದು ಇ20, ನೂರಕ್ಕೆ 20 ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಕ್ಕೆ ಬರ ಇಲ್ಲ. ತೇವ ಜಾಸ್ತಿಯಾದಾಗ ನೀರೂ ಎಥೆನಾಲೂ ಕೂಡಿ ಕೆಳಗೆ ಇಳಿದು ಬೇರೆಯಾಗುತ್ತದೆ. ಟ್ಯಾಂಕಿನ ಪೈಪ್ ಇರುವುದು ತಳದಲ್ಲೇ. ಕಳೆ ಮೆಷಿನ್ ನಿಂತರೆ ನನ್ನ ಅಂಗಡಿಗೆ ತರುತ್ತಾರೆ. ನಿಮ್ಮದು ನಿಂತರೆ?

ಹಳೇ ಹ್ಯಾಂಗರ್

ಇವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ರೋಟ್ಯಾಕ್ಸ್ ಕಂಪನಿ 912ಕ್ಕೆ ಒಪ್ಪುವುದು ಇ10 ತನಕ. ಇ20ಗೆ ಒಪ್ಪಿಗೆ ಇಲ್ಲ. ಇನ್ನೊಂದು, ಆಕ್ಟೇನ್, ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣದ ಅಂಕಿ. 80 ಎಚ್‌ಪಿಯ 912 ಯುಎಲ್‌ಗೆ ಕಂಪ್ರೆಷನ್ 9, ಅದಕ್ಕೆ 90 ಆಕ್ಟೇನ್ ಸಾಕು. 100 ಎಚ್‌ಪಿಯ ಯುಎಲ್‌ಎಸ್‌ಗೆ ಕಂಪ್ರೆಷನ್ ಹತ್ತೂವರೆಗೂ ಮೇಲೆ, ಅದಕ್ಕೆ 95 ಬೇಕೇ ಬೇಕು. ಕಮ್ಮಿ ಹಾಕಿದರೆ ಒಳಗೆ ಹೊತ್ತಿಗೆ ಮುಂಚೆ ಸಿಡಿಯುತ್ತದೆ. ಪ್ರೊಪೆಲ್ಲರ್ ಗದ್ದಲದಲ್ಲಿ ಆ ಶಬ್ದ ಕಿವಿಗೆ ಬೀಳುವುದಿಲ್ಲ, ಪಿಸ್ಟನ್ ತೂತಾದಾಗಲೇ ಗೊತ್ತಾಗುವುದು.

ಎಥೆನಾಲ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗೆರೆ ಇರುವ ಗಾಜಿನ ಜಾಡಿ ತಗೋ. 10 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲ್. ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡು. ಕೆಳಗಿನ ಪದರ 10ರಲ್ಲೇ ನಿಂತಿದ್ದರೆ ಎಥೆನಾಲ್ ಇಲ್ಲ. 20ರ ಹತ್ತಿರ ಬಂದರೆ ಇ10. 30ರ ಹತ್ತಿರ ಬಂದರೆ ಇ20. ಪ್ರತಿ ಕ್ಯಾನಿಗೂ ಮಾಡಬೇಕು, ಒಂದು ಸಲ ಮಾಡಿ ಬಿಡುವುದಲ್ಲ. ಮನೆ ಹೊರಗೆ ಮಾಡು, ಒಲೆ ಹತ್ತಿರ ಬೇಡ.

ತುಂಗಾತೀರ

ಹಾಗಾದರೆ ನೀರು ಹಾಕಿ ಕುಲುಕಿ ಎಥೆನಾಲನ್ನೇ ತೊಳೆದು ತೆಗೆದುಬಿಟ್ಟರೆ?

ಹಳೇ ಹ್ಯಾಂಗರ್

ಬೇಡ. ಆ ಪೆಟ್ರೋಲಿನ ಆಕ್ಟೇನ್ ಎಥೆನಾಲ್ ಸೇರಿಸಿಯೇ ಅಷ್ಟು ಬಂದಿರುವುದು. ಅದನ್ನು ತೆಗೆದರೆ ಆಕ್ಟೇನ್ ಬಿತ್ತು, ಜೊತೆಗೆ ನೀರಿನ ಪಸೆ ಉಳಿಯಿತು. ಈ ಯೋಚನೆ ಇಲ್ಲಿಗೇ ಬಿಡು.

ಭರವಸೆಯ ದಾರಿ ವಿಮಾನಕ್ಕೇ ಅಂತ ಮಾಡುವ ಪೆಟ್ರೋಲ್, ಏವ್‌ಗ್ಯಾಸ್ 100 ಎಲ್‌ಎಲ್. ಮೊದಲು ಅದು ಪೂರ್ತಿ ಹೊರದೇಶದಿಂದ ಬರಬೇಕಿತ್ತು. 2022ರಿಂದ ಇಂಡಿಯನ್ ಆಯಿಲ್ ಇಲ್ಲೇ ಮಾಡಿ ಬ್ಯಾರಲ್‌ನಲ್ಲಿ ಕೊಡುತ್ತಿದೆ. ಎಥೆನಾಲ್ ಇಲ್ಲ, ಆಕ್ಟೇನ್ ಬೇಕಾದಷ್ಟು. ಆದರೆ ಅದರಲ್ಲಿ ಸೀಸ ಇದೆ. ಸೀಸ ಎಂಜಿನ್ ಆಯಿಲ್‌ಗೆ ಇಳಿದು ಬೂದು ಬಣ್ಣದ ಕೆಸರು ಕಟ್ಟುತ್ತದೆ. ಜಾಸ್ತಿ ಏವ್‌ಗ್ಯಾಸ್ ಬಳಸಿದರೆ 25 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ದುಬಾರಿ ಅನ್ನಿಸಬಹುದು. ಲೆಕ್ಕದಲ್ಲಿ ಇದನ್ನೂ ಹಿಡಿ.

ಉಳಿಬಾಚಿ (ಸಾಗರ)

ಸಾಗರದ ಕೆತ್ತನೆಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಮರದ ಕೆಲಸದವನು. ನಮ್ಮೂರಿನ ಗುಡಿಗಾರರ ಕೈ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಗಂಧದ ಮರದಲ್ಲಿ ಬಳ್ಳಿಯ ಎಳೆ ಬಿಡಿಸುವವರಿಗೆ ಬ್ಲೇಡಿನ ತಿರುವು ಕಷ್ಟವೇ ಅಲ್ಲ. ಮರದ ಪ್ರೊಪೆಲ್ಲರ್ ಕೂಡ ಒಳ್ಳೆಯದೇ, ಎಂಜಿನ್ನಿನ ನಡುಕ ನುಂಗುವುದರಲ್ಲಿ ಮರಕ್ಕೆ ಮರವೇ ಸಾಟಿ.

ಕಷ್ಟ ಇರುವುದು ಆಕಾರದಲ್ಲಲ್ಲ. ಒಂದೇ ತುಂಡು ಮರದಲ್ಲಿ ಕೆತ್ತುವುದಲ್ಲ ಅದು. ಐದೋ ಏಳೋ ಹಲಗೆ ಅಂಟಿಸಬೇಕು, ಪ್ರತಿ ಹಲಗೆಯ ನಾರೂ ನೇರ ಇರಬೇಕು, ಗಂಟು ಇರಬಾರದು, ತೇವ ಎಲ್ಲದರಲ್ಲೂ ಒಂದೇ ಸಮ ಇರಬೇಕು. ಸಾಗುವಾನಿಯಲ್ಲಿ ಎಣ್ಣೆ ಅಂಶ ಇದೆ, ಅಂಟು ಹಿಡಿಯುವುದು ಕಷ್ಟ. ಬೀಟೆ ತುಂಬಾ ಭಾರ. ಹೊರದೇಶದವರು ಬರ್ಚ್, ಮೇಪಲ್ ಬಳಸುತ್ತಾರೆ. ನಮ್ಮ ಮರಗಳಲ್ಲಿ ಯಾವುದು ಸರಿ ಅಂತ ತೋರಿಸಲು ತುಂಡು ಮಾಡಿ, ಎಳೆದು, ಮುರಿದು ನೋಡಬೇಕು.

ಶರಾವತಿ

ಅಣ್ಣ ಹೇಳಿದ ಅಂಟಿನ ಮಾತಿಗೆ ಎರಡು ಅಂಕಿ ಕೊಡುತ್ತೇನೆ. ಒಂದು ಬ್ಲೇಡ್ 1 ಕೆಜಿ, ಅದರ ತೂಕದ ಮಧ್ಯ ಪ್ರೊಪೆಲ್ಲರಿನ ನಡುಭಾಗವಾದ ಹಬ್‌ನಿಂದ 40 ಸೆಂಟಿಮೀಟರ್ ದೂರ ಅಂದುಕೊಳ್ಳಿ. 2390 ಆರ್‌ಪಿಎಂನಲ್ಲಿ ಆ ಬ್ಲೇಡ್ ಹಬ್‌ನಿಂದ ಕಿತ್ತುಕೊಳ್ಳಲು ಎಳೆಯುವ ಬಲ ಎರಡೂವರೆ ಟನ್. ಒಂದು ತುದಿಯಲ್ಲಿ 10 ಗ್ರಾಂ ಕಮ್ಮಿಯಾದರೆ, ಒಂದು ಜಲ್ಲಿ ಕಲ್ಲು ಅಷ್ಟು ಚಕ್ಕೆ ಎಬ್ಬಿಸಿದರೆ, ಎಂಜಿನ್ ಮೌಂಟನ್ನು ಪ್ರತಿ ಸುತ್ತಿಗೂ 54 ಕೆಜಿ ಬಲ ಆಚೆ ಈಚೆ ಎಳೆಯುತ್ತದೆ.

ಮೊದಲ ವಿಮಾನದಲ್ಲಿ ಹೊಸ ವಿಷಯಗಳು ಆಗಲೇ ಬೇಕಾದಷ್ಟು ಇವೆ. ಪ್ರೊಪೆಲ್ಲರ್ ಬೇರೆಯವರು ಸಾವಿರಾರು ಗಂಟೆ ಓಡಿಸಿ ನೋಡಿದ್ದೇ ಇರಲಿ. ಸಾಗರದಲ್ಲಿ ಕೆತ್ತಿಸಿದ್ದು ಗೋದಾಮಿನ ಗೋಡೆ ಮೇಲೆ ಇರಲಿ, ಅದೂ ನಮ್ಮ ಹೆಮ್ಮೆಯೇ.

ಮೋಡದ ದಾರಿ (ಚಿಕ್ಕಮಗಳೂರು)

ಮೈಕ್ರೋಲೈಟ್ ಹಾರಿಸುತ್ತೇನೆ. ಮಳೆ ಬಗ್ಗೆ ಎರಡು ಮಾತು.

ಮರದ ಬ್ಲೇಡ್ ತೇವಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಬ್‌ನ ಬೋಲ್ಟ್ ಮಳೆಗಾಲದಲ್ಲಿ ಮರವನ್ನು ಅಮುಕುತ್ತದೆ, ಮಾರ್ಚ್‌ಗೆ ಸಡಿಲವಾಗುತ್ತದೆ. ಕಾಲ ಬದಲಾದಾಗಲೆಲ್ಲ ಟಾರ್ಕ್ ರೆಂಚ್ ಹಿಡಿಯಬೇಕು. ನಿಲ್ಲಿಸುವಾಗ ಬ್ಲೇಡ್ ಅಡ್ಡ ಇರಬೇಕು, ನೆಟ್ಟಗೆ ನಿಲ್ಲಿಸಿದರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ಬ್ಯಾಲೆನ್ಸ್ ತಪ್ಪುತ್ತದೆ. ಮಳೆ ಹನಿ ಆ ವೇಗದಲ್ಲಿ ಮರಳಿನ ಹಾಗೆ ಅಂಚು ತಿನ್ನುತ್ತದೆ. ನಮ್ಮ ಕಡೆಗೆ ಕಾರ್ಬನ್ ಬ್ಲೇಡ್, ಅಂಚಿಗೆ ಲೋಹದ ಪಟ್ಟಿ, ನೆಲದ ಮೇಲೆ ಪಿಚ್ ತಿರುಗಿಸುವ ಹಬ್. ಅದೇ ಸರಿ.

ಇನ್ನೊಂದು ಕಾರ್ಬುರೇಟರ್ ಐಸ್. ಮಲೆನಾಡಿನಲ್ಲಿ ಎಲ್ಲಿಯ ಐಸ್ ಅಂತ ನಾನೂ ಅಂದುಕೊಂಡಿದ್ದೆ. ಒಂದು ಸೆಪ್ಟೆಂಬರ್ ಬೆಳಿಗ್ಗೆ, ಹೊರಗೆ 22 ಡಿಗ್ರಿ, ಕಣಿವೆಯಲ್ಲಿ ಮಂಜು. ಇಳಿಯಲು ಥ್ರಾಟಲ್ ಕಮ್ಮಿ ಮಾಡಿದೆ. ಮತ್ತೆ ಕೊಟ್ಟರೆ ಎಂಜಿನ್ ಏಳಲಿಲ್ಲ, ಕೆಮ್ಮಿತು. ರನ್‌ವೇ ಕೆಳಗೇ ಇತ್ತು, ಇಳಿದೆ. ಕೌಲ್ ತೆಗೆದು ಮುಟ್ಟಿದರೆ ಕಾರ್ಬುರೇಟರ್ ಫ್ರಿಜ್ಜಿನ ಹಾಗೆ ತಣ್ಣಗೆ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗೂ ಜಾಸ್ತಿ ತಣ್ಣಗಾಗಬಹುದು. ಗಾಳಿಯಲ್ಲಿ ತೇವ ತುಂಬಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ. ನಿಮ್ಮ ಮನೆಯಿಂದ ಎಷ್ಟು ದೂರ? ಕಾರ್ಬುರೇಟರನ್ನು ಬೆಚ್ಚಗಿಡುವ ಕಾರ್ಬ್ ಹೀಟ್ ಇಲ್ಲದೆ ಹಾರಬೇಡಿ.

ಹಳೇ ಹ್ಯಾಂಗರ್

ಮೂರು ಬ್ಲೇಡಿನದ್ದು ತರುವ ಮೊದಲು ಗೇರ್‌ಬಾಕ್ಸಿನ ಮಾತು. 912ರ ಗೇರ್‌ಬಾಕ್ಸ್ ತಡೆಯುವ ಪ್ರೊಪೆಲ್ಲರಿನ ಜಡತ್ವಕ್ಕೆ ಮಿತಿ ಇದೆ, 6000 ಕೆಜಿ ಸೆಂಟಿಮೀಟರ್ ಸ್ಕ್ವೇರ್. ತೂಕ ನೋಡಿದರೆ ಸಾಲದು, ಆ ತೂಕ ಎಷ್ಟು ಹೊರಗಿದೆ ಅನ್ನುವುದು ಮುಖ್ಯ. ತುದಿ ಭಾರ ಇದ್ದರೆ ಸ್ಟಾರ್ಟ್ ಮಾಡುವಾಗಲೂ ನಿಲ್ಲಿಸುವಾಗಲೂ ಗೇರಿನ ಹಲ್ಲಿಗೆ ಪೆಟ್ಟು.

ಅಳೆಯುವುದು ಸುಲಭ. ಪ್ರೊಪೆಲ್ಲರನ್ನು ಮಟ್ಟವಾಗಿ, ಎರಡು ಸಮಾನ ಉದ್ದದ ದಾರದಲ್ಲಿ ಜಂತಿಗೆ ನೇತುಹಾಕು. ದಾರಗಳು ಹಬ್‌ನಿಂದ ಎರಡೂ ಕಡೆ ಸಮ ದೂರ ಇರಲಿ. ಸ್ವಲ್ಪ ತಿರುಚಿ ಬಿಡು, ಗಿರಗಿರನೆ ಅಲ್ಲ, ಮೆಲ್ಲಗೆ ಆಚೆ ಈಚೆ ಆಡಬೇಕು. ಹತ್ತು ಆಟಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ ಹತ್ತರಿಂದ ಭಾಗಿಸು. ಆಮೇಲೆ ತೂಕ ಗುಣಿಸು 9.81 ಗುಣಿಸು ದಾರಗಳ ನಡುವಿನ ದೂರದ ವರ್ಗ ಗುಣಿಸು ಸಮಯದ ವರ್ಗ. ಬಂದದ್ದನ್ನು 158 ಗುಣಿಸು ದಾರದ ಉದ್ದದಿಂದ ಭಾಗಿಸು. ಅಳತೆ ಮೀಟರಿನಲ್ಲಿ, ತೂಕ ಕೆಜಿಯಲ್ಲಿ. ಬಂದ ಉತ್ತರಕ್ಕೆ 10,000 ಗುಣಿಸಿದರೆ ಕೆಜಿ ಸೆಂಟಿಮೀಟರ್ ಸ್ಕ್ವೇರ್.

ತುಂಗಾತೀರ

ತೀರ್ಮಾನ ಮಾಡಿದೆವು. 912 ಯುಎಲ್, 80 ಎಚ್‌ಪಿ. ಶರಾವತಿ ಅಕ್ಕ 100ರದ್ದೇ ಒಳ್ಳೆಯದು ಅಂತ ಫೋನಿನಲ್ಲಿ ಹೇಳಿದರು, ಅವರ ಮಾತಿನಲ್ಲಿ ತೂಕ ಇದೆ. ಆದರೆ ಏವ್‌ಗ್ಯಾಸ್ ಬ್ಯಾರಲ್ ಬರುವುದು ತಡವಾದರೆ, ಪರೀಕ್ಷೆ ಮಾಡಿದ ಎಥೆನಾಲ್ ಇಲ್ಲದ ಪೆಟ್ರೋಲಿನಲ್ಲಿ ಆಕ್ಟೇನ್ ಸ್ವಲ್ಪ ಕಮ್ಮಿ ಇದ್ದರೂ ನಮ್ಮ ಎಂಜಿನ್ ತಡೆಯಬೇಕು. ಗುಡ್ಡ 2.5 ಕಿಲೋಮೀಟರ್ ದೂರ, 80ರದ್ದು 2 ಕಿಲೋಮೀಟರಿಗೆ 300 ಮೀಟರ್ ಏರುತ್ತದೆ. ಅಂತರ ಕಮ್ಮಿ ಅಂತ ಗೊತ್ತು. ಅದಕ್ಕೆ ಏಪ್ರಿಲ್ ಮಧ್ಯಾಹ್ನ ಇಬ್ಬರು ಹಾರುವುದಿಲ್ಲ, ಬೆಳಿಗ್ಗೆ ಮಾತ್ರ ಅಂತ ನಾನೂ ಭಾವನೂ ಬರೆದು ಸಹಿ ಹಾಕಿದ್ದೇವೆ. ಪ್ರೊಪೆಲ್ಲರ್ 1.7 ಮೀಟರ್, ಮೂರು ಕಾರ್ಬನ್ ಬ್ಲೇಡ್, ಪಿಚ್ ಏರುವುದಕ್ಕೆ ಹೊಂದಿಸುವುದು. ಬೇರೆ ರಾಜ್ಯದ ಒಬ್ಬರ ಹತ್ತಿರ 400 ಗಂಟೆ ಓಡಿದ ಎಂಜಿನ್ ಇದೆ.

ಹಳೇ ಹ್ಯಾಂಗರ್

ಲಾಗ್ ಪುಸ್ತಕ ಇಲ್ಲದೆ ಮುಂಗಡ ಕೊಡಬೇಡ. ಪ್ರೊಪೆಲ್ಲರ್ ಯಾವಾಗಲಾದರೂ ನೆಲಕ್ಕೆ ಬಡಿದಿತ್ತಾ ಅಂತ ನೇರ ಕೇಳು. ಗಂಟೆ ಕಮ್ಮಿ ಇದ್ದರೂ ರಬ್ಬರ್ ಸಾಮಾನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪೈಪು, ಕಾರ್ಬುರೇಟರ್ ಸಾಕೆಟ್, ಡಯಾಫ್ರಮ್ ಎಲ್ಲ. ಅದರ ಖರ್ಚು ಬೆಲೆಯಲ್ಲಿ ಕಳೆ. ಮ್ಯಾಗ್ನೆಟಿಕ್ ಪ್ಲಗ್ ತೆಗೆಸಿ ನೋಡು, ಲೋಹದ ಚೂರು ಇದ್ದರೆ ಬಸ್ ಹತ್ತಿ ವಾಪಸ್ ಬಾ.

ಮುಂದಿನ ಚಕ್ರದ ವಿಮಾನ ಆದರೆ ಬ್ಲೇಡಿನ ತುದಿಗೂ ನೆಲಕ್ಕೂ ಕನಿಷ್ಠ 18 ಸೆಂಟಿಮೀಟರ್, ಬಾಲದ ಚಕ್ರ ಆದರೆ 23. ಜಂಬಿಟ್ಟಿಗೆ ನೆಲಕ್ಕೆ ಅದಕ್ಕಿಂತ ಜಾಸ್ತಿಯೇ ಇರಲಿ.

ತುಂಗಾತೀರ (ಎಂಟು ತಿಂಗಳ ನಂತರ)

ಎಂಜಿನ್ ಬಂದು ಮೌಂಟ್ ಮೇಲೆ ಕೂತಿದೆ. ಪ್ಲಗ್ ಸ್ವಚ್ಛ ಇತ್ತು, ಲಾಗ್ ಪೂರ್ತಿ ಇತ್ತು. ರಬ್ಬರ್ ಎಲ್ಲ ಹೊಸದು.

ಪ್ರೊಪೆಲ್ಲರನ್ನು ಗೋದಾಮಿನ ಜಂತಿಗೆ ಕಟ್ಟಿ ಅಳೆದೆವು. ಮೂರು ಬ್ಲೇಡ್ ಇರುವುದರಿಂದ ಕೆಳಗೆ ಹಗುರ ರೀಪು ಕಟ್ಟಿ, ಆಮೇಲೆ ರೀಪಿನದ್ದನ್ನು ಬೇರೆ ಅಳೆದು ಕಳೆದೆವು. ತೂಕ 4.5 ಕೆಜಿ, ದಾರದ ಉದ್ದ 2 ಮೀಟರ್, ನಡುವೆ 30 ಸೆಂಟಿಮೀಟರ್. ಹತ್ತು ಆಟಕ್ಕೆ 60 ಸೆಕೆಂಡಿನ ಹತ್ತಿರ. ಲೆಕ್ಕ ಹಾಕಿದರೆ 4500ರ ಆಸುಪಾಸು. ಅಮ್ಮ ಕಾಫಿ ತಂದವರು ಅದು ಮೆಲ್ಲಗೆ ತಿರುಗುವುದನ್ನು ನೋಡುತ್ತಾ ಲೋಟ ಕೈಯಲ್ಲೇ ಹಿಡಿದು ನಿಂತಿದ್ದರು.

ನಿನ್ನೆ ಮೊದಲ ಓಟ. ಬಾಲವನ್ನು ತೆಂಗಿನ ಮರಕ್ಕೆ ಕಟ್ಟಿ, ಚಕ್ರಕ್ಕೆ ಕಲ್ಲು ಕೊಟ್ಟು, ಭಾವ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕಕ್ಕೆ ನಿಂತರು. ಆಯಿಲ್ 50 ಡಿಗ್ರಿ ಆಗುವ ತನಕ ಕಾದೆವು. ಪೂರ್ತಿ ಥ್ರಾಟಲ್‌ಗೆ 5020 ಆರ್‌ಪಿಎಂ. ಪೂರ್ತಿ ಥ್ರಾಟಲ್‌ನಲ್ಲಿ 5200ಕ್ಕಿಂತ ಕೆಳಗೆ ಓಡಿಸಬಾರದು ಅಂತ ಪುಸ್ತಕದಲ್ಲಿ ಇದೆ, ಎಂಜಿನ್ ಏದುಸಿರು ಬಿಟ್ಟ ಹಾಗೆ. ತಕ್ಷಣ ನಿಲ್ಲಿಸಿದೆವು. ಮೂರೂ ಬ್ಲೇಡ್ ಒಂದೂವರೆ ಡಿಗ್ರಿ ಸಪಾಟು ಮಾಡಿ, ಕೋನ ಮೂರು ಸಲ ಅಳೆದು, ಮತ್ತೆ ಓಡಿಸಿದೆವು. 5340. ಮುಂದೆ ಓಡುವಾಗ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ.

ಟಿಲ್ಲರ್ ಗ್ಯಾರೇಜ್ ಅಣ್ಣ, ನೀವು ಬಂದು ಒಂದು ಸಲ ಕೇಳಬೇಕು. ಎಡಗಡೆ ಕಾರ್ಬುರೇಟರ್ 2500ರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ ಅಂತ ನನ್ನ ಕಿವಿಗೆ ಅನ್ನಿಸುತ್ತಿದೆ.

ಟಿಲ್ಲರ್ ಗ್ಯಾರೇಜ್

ಭಾನುವಾರ ಬೆಳಿಗ್ಗೆ ಬರುತ್ತೇನೆ. ವ್ಯಾಕ್ಯೂಮ್ ಗೇಜ್ ನನ್ನ ಹತ್ತಿರ ಇದೆ, ಎರಡೂ ಕಾರ್ಬುರೇಟರ್ ಸಮ ಮಾಡೋಣ. ಅಲ್ಲಿ ತನಕ ಇನ್ನೊಂದು ಸಲ ಸ್ಟಾರ್ಟ್ ಮಾಡಬೇಡಿ.